671 ಆಸ್ಪತ್ರೆ, ನಾಲ್ಕು ಹೆಸರು: ಡೇಟಾ ನೋಡದೆ ಸಹಿ ಹಾಕಿದ ಒಂದು ಪೇಪರ್‌ನ ಪ್ರಕರಣ

2020ರ ಮೇ 22, ಶುಕ್ರವಾರ. ನಮ್ಮಲ್ಲಿ ಲಾಕ್‌ಡೌನ್‌ನ ನಾಲ್ಕನೇ ಕಂತು ನಡೆಯುತ್ತಿತ್ತು. ಆ ದಿನ ದೆಹಲಿಯಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಹೊಸ ಸಲಹೆ ಬಂತು. ಕೋವಿಡ್ ತಗುಲದಂತೆ ಮುನ್ನೆಚ್ಚರಿಕೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗಬಹುದಾದವರ ಪಟ್ಟಿ ಅದರಲ್ಲಿ ದೊಡ್ಡದಾಗಿತ್ತು. ಮೊದಲು ಕೋವಿಡ್ ರೋಗಿಗಳನ್ನು ನೋಡಿಕೊಳ್ಳುವ ವೈದ್ಯಕೀಯ ಸಿಬ್ಬಂದಿಗೆ ಇದ್ದದ್ದು, ಈಗ ಮುಂಚೂಣಿಯಲ್ಲಿ ದುಡಿಯುವ ಇತರರಿಗೂ ಅಂತಾಯಿತು.

ಅದೇ ದಿನ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಜರ್ನಲ್ ದಿ ಲ್ಯಾನ್ಸೆಟ್‌ನಲ್ಲಿ ಒಂದು ಪೇಪರ್ ಬಂತು. ಆಸ್ಪತ್ರೆಗೆ ಸೇರಿದ ಕೋವಿಡ್ ರೋಗಿಗಳಿಗೆ ಈ ಮಾತ್ರೆ ಕೊಟ್ಟರೆ ಉಪಯೋಗ ಕಾಣಲಿಲ್ಲ, ಬದಲಿಗೆ ಸಾವು ಜಾಸ್ತಿ ಕಂಡಿತು ಎಂದು ಅದು ಹೇಳಿತು.

ಹದಿಮೂರು ದಿನ ಕಳೆದ ಮೇಲೆ, ಜೂನ್ 4ರಂದು, ಆ ಪೇಪರ್ ವಾಪಸ್ ಆಯಿತು, ಅಂದರೆ ಜರ್ನಲ್ ಅದನ್ನು ಹಿಂಪಡೆಯಿತು.

ನಮ್ಮ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಎರಡು ಕ್ರೆಡಿಟ್‌ಗಳ ಪಾಠ ಇದೆ. ಯುಜಿಸಿ 2019ರ ಕೊನೆಯಲ್ಲಿ ಅದನ್ನು ಕಡ್ಡಾಯ ಮಾಡಿತು. ನಾನು ಆ ಪಾಠ ಮಾಡುವಾಗ ಮೊದಲ ದಿನವೇ ಬರುವ ಪ್ರಶ್ನೆ ಒಂದೇ: “ಮೇಡಂ, ಎಷ್ಟು ಪರ್ಸೆಂಟ್ ತನಕ ಓಕೆ?” ಬೇರೆಯವರ ಬರಹದ ಜೊತೆ ಹೋಲಿಕೆ ಹಿಡಿಯುವ ಸಾಫ್ಟ್‌ವೇರ್ ಬಗ್ಗೆ ಅವರ ಚಿಂತೆ. ಯುಜಿಸಿಯ 2018ರ ನಿಯಮದಲ್ಲಿ 10, 40, 60 ಎಂದು ಮೆಟ್ಟಿಲುಗಳಿವೆ. 10ರ ಒಳಗೆ ಬಂದರೆ ನೀತಿಯ ಪರೀಕ್ಷೆ ಪಾಸಾದಂತೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದಕ್ಕೇ ನಾನು ಈ ಲ್ಯಾನ್ಸೆಟ್ ಪೇಪರ್ ತೆಗೆಯುತ್ತೇನೆ. ಇದರ ತೊಂದರೆ ಯಾವ ಸಾಫ್ಟ್‌ವೇರ್‌ಗೂ ಸಿಗುವಂಥದ್ದಲ್ಲ. ವಾಕ್ಯಗಳು ಅವರವೇ, ಕೋಷ್ಟಕಗಳು ಅಚ್ಚುಕಟ್ಟು, ಬರೆದವರು ದೊಡ್ಡವರು. ಇಲ್ಲದ್ದು ಒಂದೇ. ಆ ಅಂಕಿಗಳು ಬಂದ ಮೂಲವನ್ನು ಕಣ್ಣಾರೆ ಕಂಡವರು.

ಪೇಪರ್ ಹೇಳಿದ್ದೇನು

ಒಟ್ಟು 96,032 ರೋಗಿಗಳು. ಆರು ಖಂಡಗಳ 671 ಆಸ್ಪತ್ರೆಗಳು. 2019ರ ಡಿಸೆಂಬರ್ 20ರಿಂದ 2020ರ ಏಪ್ರಿಲ್ 14ರ ನಡುವೆ ದಾಖಲಾದವರು. ಇವರಲ್ಲಿ 14,888 ಜನಕ್ಕೆ ಕ್ಲೋರೋಕ್ವಿನ್ ಇಲ್ಲವೇ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡಲಾಗಿತ್ತು. ಕೆಲವರಿಗೆ ಜೊತೆಯಲ್ಲಿ ಅಜಿತ್ರೋಮೈಸಿನ್ ಥರದ ಆಂಟಿಬಯೋಟಿಕ್ ಕೂಡ. ಮಾತ್ರೆ ಸಿಗದವರಲ್ಲಿ ಸತ್ತವರು ಶೇ. 9.3. ಬರೀ ಹೈಡ್ರಾಕ್ಸಿಕ್ಲೋರೋಕ್ವಿನ್ ಸಿಕ್ಕವರಲ್ಲಿ ಶೇ. 18. ಆಂಟಿಬಯೋಟಿಕ್ ಕೂಡ ಸೇರಿದ್ದವರಲ್ಲಿ ಶೇ. 23.8. ಹೃದಯದ ಬಡಿತ ಏರುಪೇರಾದವರ ಸಂಖ್ಯೆಯೂ ಹಲವು ಪಟ್ಟು.

ಸುಮ್ನೆ ಓದಿದರೆ ಎದೆ ಝಲ್ ಎನ್ನುತ್ತದೆ. ಅದುವರೆಗೆ ಈ ಮಾತ್ರೆಯ ಬಗ್ಗೆ ಬಂದಿದ್ದ ಬಹಳಷ್ಟು ಅಧ್ಯಯನಗಳು ಹತ್ತಿಪ್ಪತ್ತು, ನೂರಿನ್ನೂರು ರೋಗಿಗಳದ್ದು. ಇಲ್ಲಿ ಹೆಚ್ಚೂಕಡಿಮೆ ಒಂದು ಲಕ್ಷ. ದೊಡ್ಡ ಸಂಖ್ಯೆ ನೋಡಿದ ಕೂಡಲೇ ನಮ್ಮ ಅನುಮಾನ ಸಣ್ಣದಾಗಿಬಿಡುತ್ತದೆ, ಅಲ್ವಾ?

ಲೇಖಕರು ನಾಲ್ವರು. ಮೊದಲ ಹೆಸರು ಮಂದೀಪ್ ಮೆಹ್ರಾ. ಬಾಸ್ಟನ್‌ನ ಬ್ರಿಗಮ್ ಆಂಡ್ ವಿಮೆನ್ಸ್ ಆಸ್ಪತ್ರೆಯ ಹೃದ್ರೋಗ ತಜ್ಞರು, ಹಾರ್ವರ್ಡ್‌ನ ಪ್ರಾಧ್ಯಾಪಕರು. ಆ ಕ್ಷೇತ್ರದಲ್ಲಿ ಬಹಳ ಗೌರವದ ಹೆಸರು. ಜ್ಯೂರಿಕ್ ವಿಶ್ವವಿದ್ಯಾಲಯ ಆಸ್ಪತ್ರೆಯ ಫ್ರಾಂಕ್ ರುಶಿಟ್ಸ್ಕಾ, ಅಮೆರಿಕದ ಅಮಿತ್ ಪಟೇಲ್ ಇನ್ನಿಬ್ಬರು. ಉಳಿದವರು ಸಪನ್ ದೇಸಾಯಿ. ಡೇಟಾ ಬಂದದ್ದು ಇವರ ಕಂಪನಿಯಿಂದ. ಹೆಸರು ಸರ್ಜಿಸ್ಫಿಯರ್, ಇದ್ದದ್ದು ಶಿಕಾಗೊ ಬಳಿ. ಪ್ರಪಂಚದ ನೂರಾರು ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆಗಳಿಂದ ರೋಗಿಗಳ ವಿವರ ತಾನಾಗಿಯೇ ತಮ್ಮಲ್ಲಿಗೆ ಬಂದು ಸೇರುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆರು ಖಂಡ, 671 ಆಸ್ಪತ್ರೆ, ನಾಲ್ಕೇ ಹೆಸರು. ಇಷ್ಟು ಆಸ್ಪತ್ರೆಗಳು ಸೇರಿ ಮಾಡಿದ ಕೆಲಸದಲ್ಲಿ ಸಾಮಾನ್ಯವಾಗಿ ಹೆಸರುಗಳ ಪಟ್ಟಿಯೇ ಪುಟಗಟ್ಟಲೆ ಇರುತ್ತದೆ. ಯಾವ ಊರಿನ ಯಾವ ವೈದ್ಯರು ದಾಖಲೆ ಕೊಟ್ಟರು, ಯಾರು ಜೋಡಿಸಿದರು ಅಂತ. ಇಲ್ಲಿ ಒಂದು ಆಸ್ಪತ್ರೆಯ ಹೆಸರೂ ಇಲ್ಲ. ದೇಶಗಳ ಹೆಸರೂ ಇಲ್ಲ, ಖಂಡಗಳು ಮಾತ್ರ. ಊಟಕ್ಕೆ ಸಾವಿರ ಜನ ಬಂದಿದ್ದರು ಅನ್ನುತ್ತಾರೆ, ಎಲೆ ಎತ್ತಿದವರು ಒಬ್ಬರೂ ಕಾಣುವುದಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು ಇದೇ. ಇದು ಯಾರೂ ಬಚ್ಚಿಟ್ಟ ಸುಳಿವಲ್ಲ. ಮೊದಲ ಪುಟದಲ್ಲೇ ಇತ್ತು.

ಒಂದು ವಾರದಲ್ಲಿ ಆದದ್ದು

ಶುಕ್ರವಾರ ಪೇಪರ್ ಬಂತು. ಸೋಮವಾರ, ಮೇ 25ರಂದು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಾಲಿಡಾರಿಟಿ ಎಂಬ ದೊಡ್ಡ ಪ್ರಯೋಗದಲ್ಲಿ ಈ ಮಾತ್ರೆಯ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದಾಗಿ ಹೇಳಿತು. 27ರಂದು ಫ್ರಾನ್ಸ್ ಸರ್ಕಾರ ಆಸ್ಪತ್ರೆಗಳಲ್ಲಿ ಕೋವಿಡ್‌ಗೆ ಇದನ್ನು ಕೊಡಲು ಇದ್ದ ಅನುಮತಿಯನ್ನು ರದ್ದು ಮಾಡಿತು. ವೈದ್ಯಕೀಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಈ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಆಕ್ಸ್‌ಫರ್ಡ್ ಮತ್ತು ಬ್ಯಾಂಕಾಕ್‌ನ ತಂಡ ಶುರು ಮಾಡಿದ್ದ ಪ್ರಯೋಗವೂ ಬ್ರಿಟನ್ನಿನ ಔಷಧ ನಿಯಂತ್ರಕರ ಮಾತಿನ ಮೇಲೆ ನಿಂತಿತು.

ನಮ್ಮಲ್ಲಿ ಕಥೆ ಬೇರೆ. ಈ ಮಾತ್ರೆಯನ್ನು ಪ್ರಪಂಚಕ್ಕೆ ಪೂರೈಸುವ ದೊಡ್ಡ ದೇಶ ಭಾರತ. ಏಪ್ರಿಲ್ ಮೊದಲ ವಾರದಲ್ಲಿ ರಫ್ತು ನಿಲ್ಲಿಸಿ, ಟ್ರಂಪ್ ಕೇಳಿದ ಮೇಲೆ ಸಡಿಲಿಸಿದ್ದು ಎಲ್ಲರಿಗೂ ನೆನಪಿರಬಹುದು. ಅದಕ್ಕೂ ಮುಂಚೆ ಮಾರ್ಚ್ ಕೊನೆಯಲ್ಲೇ ಇದನ್ನು ಚೀಟಿ ಇಲ್ಲದೆ ಮಾರದಂತೆ ಎಚ್1 ಪಟ್ಟಿಗೆ ಸೇರಿಸಿದ್ದರು. ಸಂಧಿವಾತ, ಲೂಪಸ್ ಇರುವವರು ವರ್ಷಗಟ್ಟಲೆ ನುಂಗುವ ಮಾತ್ರೆ ಇದು. ಅವರು ಮೆಡಿಕಲ್ ಶಾಪ್‌ನಿಂದ ಮೆಡಿಕಲ್ ಶಾಪ್‌ಗೆ ಅಲೆಯುವ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗ ನಿಲ್ಲಿಸಿದ ಮರುದಿನ ಐಸಿಎಂಆರ್ ಮುಖ್ಯಸ್ಥ ಬಲರಾಮ್ ಭಾರ್ಗವ, ಮುನ್ನೆಚ್ಚರಿಕೆಗೆ ಕೊಡುವುದನ್ನು ಮುಂದುವರಿಸುತ್ತೇವೆ ಎಂದರು. ಆಗ ಅದನ್ನು ಹಟ ಅಂದವರೂ ಇದ್ದರು, ಧೈರ್ಯ ಅಂದವರೂ ಇದ್ದರು. ನಿಜ ಹೇಳಬೇಕೆಂದರೆ ಎರಡೂ ಕಡೆ ಗಟ್ಟಿ ಸಾಕ್ಷಿ ಇರಲಿಲ್ಲ.

ಒಂದು ವಿಷಯ ಗಮನಿಸಿ. ಬ್ರಿಟನ್ನಿನಲ್ಲೇ ರಿಕವರಿ ಎಂಬ ಇನ್ನೊಂದು ದೊಡ್ಡ ಪ್ರಯೋಗ ನಡೆಯುತ್ತಿತ್ತು. ಅದು ನಿಲ್ಲಲಿಲ್ಲ. ಅವರ ಸುರಕ್ಷತಾ ಸಮಿತಿ ತಮ್ಮದೇ ಪ್ರಯೋಗದ ಡೇಟಾ ತೆಗೆದು ನೋಡಿತು. ನಿಲ್ಲಿಸುವಂಥ ಕಾರಣ ಕಾಣುತ್ತಿಲ್ಲ, ಮುಂದುವರಿಸಿ ಎಂದಿತು. ಆ ಗದ್ದಲದ ವಾರದಲ್ಲಿ ಇವರು ಮೊದಲು ತಮ್ಮ ಕೈಯಲ್ಲಿದ್ದ ಡೇಟಾ ಬಿಚ್ಚಿದರು, ಆಮೇಲೆ ಮಾತಾಡಿದರು.

ಲೆಕ್ಕ ತಾಳೆ ಆಗಲಿಲ್ಲ

ಮೇ 28ಕ್ಕೆ ಒಂದು ಬಹಿರಂಗ ಪತ್ರ ಹೊರಬಂತು. ಬರೆದವರು ಬ್ಯಾಂಕಾಕ್‌ನ ಮಹಿಡಾಲ್-ಆಕ್ಸ್‌ಫರ್ಡ್ ಘಟಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ವಾಟ್ಸನ್. ಸಹಿ ಹಾಕಿದವರು ನೂರಕ್ಕೂ ಜಾಸ್ತಿ, ಬೇರೆ ಬೇರೆ ದೇಶದವರು. ಪತ್ರದಲ್ಲಿ ಬೈಗುಳ ಇಲ್ಲ. ಕೂಡಿಸಿ ಕಳೆದು ನೋಡಿದ ಲೆಕ್ಕ ಮಾತ್ರ.

ಆಸ್ಟ್ರೇಲಿಯಾದ ಲೆಕ್ಕ ಎಲ್ಲರಿಗೂ ಅರ್ಥವಾಗುವಂಥದ್ದು. ಆ ಖಂಡದ ಐದು ಆಸ್ಪತ್ರೆಗಳಲ್ಲಿ 73 ಸಾವು ಎಂದು ಪೇಪರ್‌ನಲ್ಲಿತ್ತು. ಏಪ್ರಿಲ್ 21ರ ಹೊತ್ತಿಗೆ ಇಡೀ ಆಸ್ಟ್ರೇಲಿಯಾದಲ್ಲಿ ದಾಖಲಾಗಿದ್ದ ಕೋವಿಡ್ ಸಾವೇ 67. ಐದು ಆಸ್ಪತ್ರೆಯಲ್ಲಿ ಸತ್ತವರು ದೇಶದಲ್ಲೆಲ್ಲ ಸತ್ತವರಿಗಿಂತ ಜಾಸ್ತಿ ಇರಲು ಹೇಗೆ ಸಾಧ್ಯ? ದಿ ಗಾರ್ಡಿಯನ್ ಪತ್ರಿಕೆಯ ಆಸ್ಟ್ರೇಲಿಯಾದ ವರದಿಗಾರರು ಮೆಲ್ಬರ್ನ್, ಸಿಡ್ನಿಯ ಆಸ್ಪತ್ರೆಗಳಿಗೆ ಫೋನ್ ಮಾಡಿ ಕೇಳಿದರು. ನಾವು ಇವರಿಗೆ ಡೇಟಾ ಕೊಟ್ಟಿಲ್ಲ ಎಂಬ ಉತ್ತರ ಬಂತು. ಹೌದು, ಫೋನ್ ಮಾಡಿ ಕೇಳಿದ್ದು ಅಷ್ಟೇ.

ಆಫ್ರಿಕಾದ್ದು ಇನ್ನೊಂದು. ಪೇಪರ್‌ನ ಲೆಕ್ಕ ನಂಬಿದರೆ, ಆ ಖಂಡದ ಒಟ್ಟು ಕೋವಿಡ್ ಪ್ರಕರಣಗಳ ಸುಮಾರು ಕಾಲು ಭಾಗ, ಸಾವುಗಳ ಸುಮಾರು ಶೇ. 40 ಈ ಕಂಪನಿಯ ಜೊತೆ ಒಪ್ಪಂದ ಇದ್ದ ಆಸ್ಪತ್ರೆಗಳಲ್ಲೇ ಆಗಿರಬೇಕು. ಅದೂ ಪ್ರತಿ ರೋಗಿಯ ಹೃದಯ ಬಡಿತದ ಏರುಪೇರನ್ನು ಕಂಪ್ಯೂಟರಿನಲ್ಲಿ ದಾಖಲಿಸುವಷ್ಟು ಸೌಲಭ್ಯ ಇರುವ ಆಸ್ಪತ್ರೆಗಳು. ಒಂದು ಜಿಲ್ಲಾಸ್ಪತ್ರೆಯಲ್ಲಿ ಹಳೆಯ ಕೇಸ್ ಶೀಟ್ ಹುಡುಕಿ ನೋಡಿದವರಿಗೆ ಇದು ಓದಿದ ತಕ್ಷಣ ನಗು ಬರಬೇಕು.

ಮೂರನೆಯದು ಸೂಕ್ಷ್ಮ. ಧೂಮಪಾನಿಗಳ ಪ್ರಮಾಣ, ಬೇರೆ ಕಾಯಿಲೆಗಳ ಪ್ರಮಾಣ, ಇವೆಲ್ಲ ಖಂಡದಿಂದ ಖಂಡಕ್ಕೆ ಬೇರೆಯಾಗುತ್ತವೆ. ಈ ಪೇಪರ್‌ನಲ್ಲಿ ಅವು ಹೆಚ್ಚೂಕಡಿಮೆ ಒಂದೇ. ಮಾತ್ರೆಯ ಪ್ರಮಾಣದಲ್ಲೂ ಗೊಂದಲ. ಮೂರನೇ ಎರಡು ಭಾಗ ರೋಗಿಗಳು ಉತ್ತರ ಅಮೆರಿಕದವರು, ಆದರೆ ದಿನದ ಸರಾಸರಿ ಡೋಸ್ ಅಮೆರಿಕದ ನಿಯಂತ್ರಕರು ಹೇಳಿದ್ದಕ್ಕಿಂತ 100 ಮಿಲಿಗ್ರಾಂ ಜಾಸ್ತಿ. ರೋಗಿಗಳ ದಾಖಲೆ ಬಳಸಲು ನೀತಿ ಸಮಿತಿಯ ಪರಿಶೀಲನೆ? ಅದರಿಂದ ವಿನಾಯಿತಿ ಇದೆ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ಯಾರು ವಿನಾಯಿತಿ ಕೊಟ್ಟರು? ಅದಿಲ್ಲ.

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಮುಖ್ಯಸ್ಥರಾಗಿದ್ದ ಶೇಖರ್ ಮಾಂಡೆ ಅವರೂ ಪೇಪರ್‌ನ ಅಂಕಿಅಂಶಗಳ ಮೇಲೆ ಆಕ್ಷೇಪ ಎತ್ತಿ ಪತ್ರ ಬರೆದವರಲ್ಲಿ ಒಬ್ಬರು.

ಮೇ ಕೊನೆಗೆ ಲ್ಯಾನ್ಸೆಟ್ ಒಂದು ತಿದ್ದುಪಡಿ ಹಾಕಿತು. ಏಷ್ಯಾದ ಒಂದು ಆಸ್ಪತ್ರೆ ತಪ್ಪಾಗಿ ಆಸ್ಟ್ರೇಲಿಯಾದ ಗುಂಪಿಗೆ ಸೇರಿತ್ತು, ಸರಿಪಡಿಸಿದ್ದೇವೆ, ತೀರ್ಮಾನ ಬದಲಾಗಿಲ್ಲ ಎಂದು. ನನ್ನ ಪ್ರಕಾರ ಜರ್ನಲ್‌ನ ನಡೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಹೆಜ್ಜೆ ಇದು. ಮೊದಲ ಸಲ ಮೋಸ ಹೋದರೆ ಕಾಲ ಹಾಗಿತ್ತು, ಆತುರ ಇತ್ತು ಅನ್ನಬಹುದು. ನೂರು ಜನ ಸಹಿ ಹಾಕಿ, ಗೋಡೆಯೇ ವಾಲಿದೆ ಅಂದಾಗ, ಸುಣ್ಣ ಬಳಿದು ಮುಗಿಸಿದ್ದಕ್ಕೆ ಏನನ್ನೋಣ? ತಿದ್ದುಪಡಿಯ ವಿವರಣೆ ಬಂದದ್ದೂ ಅನುಮಾನ ಇದ್ದ ಅದೇ ಕಂಪನಿಯ ಕಡೆಯಿಂದ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಜೂನ್ 2ರಂದು ದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, ಅದೇ ಕಂಪನಿಯ ಡೇಟಾ ಬಳಸಿ ಮೇ 1ರಂದು ತಾನು ಪ್ರಕಟಿಸಿದ್ದ ಪೇಪರ್ ಬಗ್ಗೆ ಕಳವಳ ಸೂಚಿಸಿತು. ಅದರಲ್ಲಿ 169 ಆಸ್ಪತ್ರೆಗಳ 8,910 ರೋಗಿಗಳ ಲೆಕ್ಕ ಇತ್ತು. ಲ್ಯಾನ್ಸೆಟ್ ಕೂಡ ಕಳವಳ ಸೂಚಿಸಿತು. ಗಾರ್ಡಿಯನ್ ಕಂಪನಿಯ ಬಾಗಿಲು ಬಡಿಯಿತು. ಕೆಲಸಗಾರರು ಬೆರಳೆಣಿಕೆಯಷ್ಟು. ಅವರಲ್ಲಿ ವಿಜ್ಞಾನ ಸಂಪಾದಕರು ಎಂದು ಕಾಣಿಸಿಕೊಂಡಿದ್ದವರು ವೈಜ್ಞಾನಿಕ ಕಾಲ್ಪನಿಕ ಕಥೆ ಬರೆಯುವವರು ಎಂದು ಅದು ವರದಿ ಮಾಡಿತು. ಸಹಲೇಖಕರು ಹೊರಗಿನ ಒಂದು ಸಂಸ್ಥೆಯಿಂದ ಡೇಟಾ ಪರಿಶೀಲನೆ ಮಾಡಿಸಲು ಮುಂದಾದರು. ಗ್ರಾಹಕರ ಜೊತೆಗಿನ ಒಪ್ಪಂದ, ಗೋಪ್ಯತೆ ಎಂದು ಕಂಪನಿ ಪೂರ್ತಿ ಡೇಟಾ ಕೊಡಲಿಲ್ಲ. ಜೂನ್ 4ರಂದು ಎರಡೂ ಪೇಪರ್ ವಾಪಸ್. ಲ್ಯಾನ್ಸೆಟ್‌ನ ಹಿಂಪಡೆತಕ್ಕೆ ಕೇಳಿಕೊಂಡವರು ಮೂವರು. ದೇಸಾಯಿ ಅವರ ಹೆಸರು ಅದರಲ್ಲಿ ಇರಲಿಲ್ಲ. ಅಂಕಿಗಳನ್ನು ಸೃಷ್ಟಿಸಿದ್ದಾರೆ ಎಂಬ ಆರೋಪವನ್ನು ಅವರು ಅಲ್ಲಗಳೆದಿದ್ದರು.

ಸಾಕ್ಷಿ ಸಹಿ

ನಮ್ಮ ಕಡೆ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ನಿಂತರೆ ಸಾಕ್ಷಿಗೆ ಜನ ಸಿಗುತ್ತಾರೆ. ಜಮೀನು ಯಾರದ್ದು, ಚೆಕ್ಕುಬಂದಿ ಸರಿ ಇದೆಯಾ ಅಂತ ಕೇಳುವುದಿಲ್ಲ. ಸಹಿ ಹಾಕುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಆ ಸಹಿ ಒಂದು ಶಾಸ್ತ್ರ ಅಷ್ಟೇ ಎಂದು ಎಲ್ಲರಿಗೂ ಗೊತ್ತು. ವ್ಯಾಜ್ಯ ಕೋರ್ಟಿಗೆ ಹೋದಾಗ ಮಾತ್ರ ಅದು ಶಾಸ್ತ್ರ ಅಲ್ಲ ಎಂದು ತಿಳಿಯುತ್ತದೆ.

ಪೇಪರ್‌ನ ಲೇಖಕರ ಪಟ್ಟಿ ಕೂಡ ಎಷ್ಟೋ ಸಲ ಹೀಗೇ ತುಂಬುತ್ತದೆ. ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಯಾರು ಎಂಬುದಕ್ಕೆ ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರವಣಿಗೆಯಲ್ಲಿ ಇಲ್ಲವೇ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ರೂಪವನ್ನು ಒಪ್ಪಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು: ಕೆಲಸದ ಯಾವ ಭಾಗದ ಬಗ್ಗೆ ಪ್ರಶ್ನೆ ಬಂದರೂ ಅದನ್ನು ಬಗೆಹರಿಸುವ ಹೊಣೆ ಹೊರಬೇಕು. ನಾಲ್ಕೂ ಬೇಕು, ಒಂದೋ ಎರಡೋ ಇದ್ದರೆ ಸಾಲದು.

ಈ ಪ್ರಕರಣದಲ್ಲಿ ದೇಸಾಯಿ ಬಿಟ್ಟು ಉಳಿದ ಮೂವರೂ ಮೊದಲ ಮೂರನ್ನು ಪೂರೈಸಿದ್ದರು ಎಂದೇ ಇಟ್ಟುಕೊಳ್ಳೋಣ. ನಾಲ್ಕನೆಯದನ್ನು ಪೂರೈಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಮೂಲ ಡೇಟಾ ಒಬ್ಬರದ್ದೇ ಕಂಪನಿಯಲ್ಲಿ. ವಿಶ್ಲೇಷಣೆ ಅಲ್ಲೇ ಆಗಿ, ಕೋಷ್ಟಕ ಇವರ ಮುಂದೆ ಬಂತು. ಪ್ರಶ್ನೆ ಬಂದ ದಿನ ಇವರು ತೆಗೆದು ತೋರಿಸಲು ಒಂದು ಫೈಲ್ ಕೂಡ ಇಲ್ಲ. ಮೆಹ್ರಾ ಆಮೇಲೆ ತಾವೇ ಹೇಳಿಕೆ ಕೊಟ್ಟರು. ಕೋವಿಡ್ ಕಾಲದಲ್ಲಿ ಏನಾದರೂ ಮಾಡಬೇಕೆಂಬ ಆಸೆಯಲ್ಲಿ ಡೇಟಾ ಮೂಲ ಇದಕ್ಕೆ ತಕ್ಕದ್ದೇ ಎಂದು ನೋಡಿಕೊಳ್ಳಲು ಸಾಕಷ್ಟು ಮಾಡಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿದರು. ಇಂಥ ಮಾತು ಆಡುವುದು ಸುಲಭ ಅಲ್ಲ. ಅದಕ್ಕೆ ಗೌರವ ಕೊಡುತ್ತೇನೆ. ಆದರೂ ಕೇಳಬೇಕು: ಆ ಹೆಸರಿನ ತೂಕ ಇಲ್ಲದಿದ್ದರೆ ಆ ಡೇಟಾ ಲ್ಯಾನ್ಸೆಟ್‌ನ ಬಾಗಿಲು ದಾಟುತ್ತಿತ್ತಾ? ಹಾರ್ವರ್ಡ್ ಹೆಸರು ನೋಡಿ ಸಂಪಾದಕರು ನಂಬಿದರು. ಲ್ಯಾನ್ಸೆಟ್ ಹೆಸರು ನೋಡಿ ವಿಶ್ವ ಆರೋಗ್ಯ ಸಂಸ್ಥೆ ನಂಬಿತು. ಅದನ್ನು ನೋಡಿ ಸರ್ಕಾರಗಳು ನಂಬಿದವು. ಪ್ರತಿಯೊಬ್ಬರೂ ಹಿಂದಿನವರ ಮುಖ ನೋಡಿ ಸಹಿ ಹಾಕಿದರು. ಸಾಲಿನ ತುದಿಯಲ್ಲಿ ನಿಂತು ಮೊದಲ ಹಾಳೆ ನೋಡಿದವರು ಇರಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ. ಸುಮಾರು ವರ್ಷಗಳ ಹಿಂದೆ ನಾನೂ ಹೀಗೆ ಒಂದು ಪೇಪರ್‌ಗೆ ಹೆಸರು ಕೊಟ್ಟಿದ್ದೇನೆ. ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬರು ಸಮೀಕ್ಷೆ ಮಾಡಿದ್ದರು. ಭಾಷೆ ತಿದ್ದಿದೆ, ಚರ್ಚೆಯ ಭಾಗಕ್ಕೆ ಎರಡು ಪ್ಯಾರಾ ಸೇರಿಸಿದೆ. ಎಕ್ಸೆಲ್ ಶೀಟ್ ತೆರೆಯಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂಬ ಸಂಕೋಚ. ನಮ್ಮಲ್ಲಿ ಈ ಸಂಕೋಚಕ್ಕೆ ಮರ್ಯಾದೆ ಅನ್ನುತ್ತಾರೆ. ಗೈಡ್ ಹೆಸರು ಹಾಕಲೇಬೇಕು, ವಿಭಾಗದ ಮುಖ್ಯಸ್ಥರದ್ದೂ ಇರಲಿ ಎನ್ನುವುದೂ ಅದೇ ಮರ್ಯಾದೆಯ ಲೆಕ್ಕ. ಹಾಗೆ ಹೆಸರು ಪಡೆದ ಹಿರಿಯರಲ್ಲಿ ಡೇಟಾ ತೋರಿಸು ಅಂದವರು ನನಗೆ ಸಿಕ್ಕಿದ್ದು ಕಡಿಮೆ.

ಸಂಪಾದಕರ ಪಾಲು

ಪ್ರಕಟಿಸುವ ಮುಂಚೆ ಪೇಪರ್ ಓದಿ ಅಭಿಪ್ರಾಯ ಹೇಳುವ ವಿಮರ್ಶಕರ ಮೇಲೆ ನಾನು ಜಾಸ್ತಿ ತಪ್ಪು ಹೊರಿಸುವುದಿಲ್ಲ. ಪೀರ್ ರಿವ್ಯೂ ಅಂದರೆ ಪೊಲೀಸ್ ತನಿಖೆ ಅಲ್ಲ. ವಿಮರ್ಶಕರು ಬಿಟ್ಟಿ ಕೆಲಸ ಮಾಡುವವರು, ಅವರ ಕೈಗೆ ಸಾಮಾನ್ಯವಾಗಿ ಮೂಲ ಡೇಟಾ ಸಿಗುವುದಿಲ್ಲ. ಅವರು ಲೇಖಕರು ಪ್ರಾಮಾಣಿಕರು ಎಂದುಕೊಂಡೇ ಓದುತ್ತಾರೆ. ಅಷ್ಟಾದರೂ ‘ಯಾವ ಆಸ್ಪತ್ರೆಗಳು?’ ಎಂದು ಒಂದು ಸಾಲು ಬರೆಯಬಹುದಿತ್ತು.

ಸಂಪಾದಕರ ಮಾತು ಬೇರೆ. ಯಾರಿಗೆ ಓದಲು ಕೊಡಬೇಕು ಎಂದು ತೀರ್ಮಾನಿಸುವವರು ಅವರು. ಹೃದ್ರೋಗ ಬಲ್ಲವರು ಎಷ್ಟೇ ಜಾಣರಿರಲಿ, ಲಕ್ಷ ಜನರ ಕಂಪ್ಯೂಟರ್ ದಾಖಲೆಗಳ ಗುಂಡಿಗೊಟರು ಅವರಿಗೆ ಗೊತ್ತಿರಲೇಬೇಕೆಂದಿಲ್ಲ. ಇಂಥ ಡೇಟಾ ಬಲ್ಲ ವಿಮರ್ಶಕರನ್ನು ಹಿಡಿಯಬೇಕಿತ್ತು ಎಂದು ನ್ಯೂ ಇಂಗ್ಲೆಂಡ್ ಜರ್ನಲ್‌ನ ಸಂಪಾದಕರೂ ಆಮೇಲೆ ಒಪ್ಪಿದರು.

ಲ್ಯಾನ್ಸೆಟ್‌ನ ಸಂಪಾದಕ ರಿಚರ್ಡ್ ಹಾರ್ಟನ್‌ಗೆ ಇದು ಹೊಸ ಪಾಠ ಅಲ್ಲ ಎನ್ನುವುದೇ ಬೇಜಾರು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಪೇಪರ್ 1998ರ ಫೆಬ್ರವರಿಯಲ್ಲಿ ಬಂದದ್ದು ಇದೇ ಜರ್ನಲ್‌ನಲ್ಲಿ, ಇದೇ ಸಂಪಾದಕರ ಕಾಲದಲ್ಲಿ. ಅಲ್ಲಿ 12 ಮಕ್ಕಳು, 13 ಲೇಖಕರು. ಪತ್ರಕರ್ತ ಬ್ರಯಾನ್ ಡೀರ್ 2004ರಲ್ಲಿ ಒಳಗಿನ ವಿಷಯ ಬಯಲಿಗೆ ತಂದರೂ ಪೂರ್ತಿ ವಾಪಸ್ ಆಗಿದ್ದು 2010ರ ಫೆಬ್ರವರಿ 2ರಂದು. 12 ವರ್ಷ. ಅಷ್ಟರಲ್ಲಿ ಆ ಹೆದರಿಕೆ ಬ್ರಿಟನ್ ದಾಟಿ ಊರೂರಿಗೆ ಹರಡಿತ್ತು. ಇದಕ್ಕೆ ಇನ್ನೊಂದು ವ್ಯಂಗ್ಯ ಸೇರಿಸಿ. ಪ್ರಕಟಣಾ ನೀತಿಯ ವಿಷಯದಲ್ಲಿ ಸಂಪಾದಕರಿಗೆ ದಾರಿ ತೋರಿಸಲು 1997ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಕೋಪ್ ಎಂಬ ಸಮಿತಿಯನ್ನು ಕಟ್ಟಿದವರಲ್ಲಿ ಹಾರ್ಟನ್ ಕೂಡ ಒಬ್ಬರು. ನಿಯಮ ಗೊತ್ತಿಲ್ಲದೆ ಆದ ತಪ್ಪಲ್ಲ ಇದು.

12 ವರ್ಷ ಎಲ್ಲಿ, 13 ದಿನ ಎಲ್ಲಿ, ಸುಧಾರಿಸಿದೆಯಲ್ಲ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಜರ್ನಲ್ ಸುಧಾರಿಸಿತೋ ಇಲ್ಲವೋ, ಓದುಗರು ಸುಧಾರಿಸಿದರು. ತಪ್ಪು ಹಿಡಿದದ್ದು ಜರ್ನಲ್ ಅಲ್ಲ. ಹೊರಗೆ ಕೂತು, ಸಂಬಳ ಇಲ್ಲದೆ, ಆಸ್ಟ್ರೇಲಿಯಾದ ಸಾವಿನ ಲೆಕ್ಕ ಕೂಡಿಸಿದವರು. ವೇಗದ ಶ್ರೇಯ ಅವರಿಗೆ.

ಸೆಪ್ಟೆಂಬರ್‌ನಲ್ಲಿ ಲ್ಯಾನ್ಸೆಟ್ ನಿಯಮ ಬದಲಿಸಿತು. ಒಬ್ಬರಿಗಿಂತ ಹೆಚ್ಚು ಲೇಖಕರು ಮೂಲ ಡೇಟಾವನ್ನು ತಾವೇ ನೋಡಿ ಪರಿಶೀಲಿಸಿದ್ದೇವೆ ಎಂದು ಹೆಸರು ಹೇಳಿ ಬರೆದುಕೊಡಬೇಕು. ಕಂಪನಿಯೊಂದು ಪಾಲುದಾರ ಆಗಿದ್ದರೆ, ಹಾಗೆ ನೋಡಿದವರಲ್ಲಿ ಒಬ್ಬರಾದರೂ ಆ ಕಂಪನಿಯವರಲ್ಲದವರು ಇರಬೇಕು. ದೊಡ್ಡ ಡೇಟಾ ಇದ್ದರೆ ಅದನ್ನು ಬಲ್ಲ ವಿಮರ್ಶಕರೂ ಬೇಕು. ನಿಯಮ ಚೆನ್ನಾಗಿದೆ. ಇಷ್ಟು ಸಾದಾ ಮಾತನ್ನು ನಿಯಮ ಮಾಡಲು ಜರ್ನಲ್ ಶುರುವಾಗಿ 197 ವರ್ಷ ಬೇಕಾಯಿತು. ಲ್ಯಾನ್ಸೆಟ್ ಹುಟ್ಟಿದ್ದು 1823ರಲ್ಲಿ.

ಉತ್ತರ ಸರಿ, ಲೆಕ್ಕ ತಪ್ಪು

ಈಗ ಕಥೆಯ ತಿರುವು. ಪೇಪರ್ ವಾಪಸ್ ಆದ ಮರುದಿನ, ಜೂನ್ 5ರಂದು, ರಿಕವರಿ ಪ್ರಯೋಗದವರು ತಮ್ಮ ಫಲಿತಾಂಶ ಹೇಳಿದರು. ಆಸ್ಪತ್ರೆಗೆ ಸೇರಿದ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನ ಇಲ್ಲ. 28 ದಿನದಲ್ಲಿ ಸತ್ತವರು ಮಾತ್ರೆ ಸಿಕ್ಕವರಲ್ಲಿ ಶೇ. 25.7, ಸಿಗದವರಲ್ಲಿ ಶೇ. 23.5. ಇದರಲ್ಲಿ ಗಣನೀಯ ಅಂತರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜೂನ್ 3ರಂದು ಮತ್ತೆ ಶುರು ಮಾಡಿದ್ದ ತನ್ನ ಪ್ರಯೋಗದ ಆ ಭಾಗವನ್ನು ಜೂನ್ 17ರಂದು ಪೂರ್ತಿ ಕೈಬಿಟ್ಟಿತು.

ಹಾಗಾದರೆ ಆ ಪೇಪರ್‌ನಿಂದ ಆದ ನಷ್ಟ ಏನು? ಮಾತ್ರೆ ಉಪಯೋಗಕ್ಕಿಲ್ಲ ಅಂತ ಹೇಗೂ ಗೊತ್ತಾಯಿತಲ್ಲ? ತರಗತಿಯಲ್ಲಿ ಅರ್ಧ ಗಂಟೆ ಜಗಳ ಆಗುವುದು ಇಲ್ಲೇ. ಗಣಿತದ ಮೇಷ್ಟ್ರಾದರೆ ಉತ್ತರ ಸರಿಯಿದ್ದು ಲೆಕ್ಕ ನಕಲಾಗಿದ್ದರೆ ಸೊನ್ನೆ ಕೊಡುತ್ತಿದ್ದರು. ಅದು ಬಿಡಿ. ನಷ್ಟ ಕಣ್ಣಿಗೆ ಕಾಣುವಂಥದ್ದೇ. ಪ್ರಯೋಗಕ್ಕೆ ಹೆಸರು ಕೊಟ್ಟವರು, ಕೊಡಬೇಕೆಂದಿದ್ದವರು ಹೆದರಿ ಹಿಂದೆ ಸರಿದರು. ಮುನ್ನೆಚ್ಚರಿಕೆಗೆ ಇದು ಕೆಲಸ ಮಾಡುತ್ತದಾ ಎಂಬ ಬೇರೆಯದೇ ಪ್ರಶ್ನೆ ಕೇಳುತ್ತಿದ್ದ ಪ್ರಯೋಗಗಳೂ ಅದೇ ಗಾಳಿಗೆ ಸಿಕ್ಕವು. ಇನ್ನು ಮಾತ್ರೆಯನ್ನು ನಂಬಿದ್ದವರಿಗೆ ದೊಡ್ಡ ಅಸ್ತ್ರ ಸಿಕ್ಕಿತು: ನೋಡಿ, ಸುಳ್ಳು ಪೇಪರ್ ಮಾಡಿ ಅಗ್ಗದ ಔಷಧಿ ತುಳಿಯುತ್ತಾರೆ. ಮರುದಿನ ಬಂದ ನಿಜವಾದ ಫಲಿತಾಂಶವನ್ನು ಅವರಿಗೆ ಒಪ್ಪಿಸುವವರು ಯಾರು?

ಇದೇ ಕಂಪನಿಯ ಹೆಸರಿನಲ್ಲಿ ಐವರ್‌ಮೆಕ್ಟಿನ್ ಎಂಬ ಇನ್ನೊಂದು ಮಾತ್ರೆಯ ಬಗ್ಗೆ ಒಂದು ಪ್ರಿಪ್ರಿಂಟ್ (ವಿಮರ್ಶೆಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಹಾಕುವ ಕರಡು) ಕೂಡ ಏಪ್ರಿಲ್‌ನಲ್ಲಿ ಬಂದಿತ್ತು. ಪೆರು ದೇಶದಲ್ಲಿ ಆ ಮಾತ್ರೆಯ ಪರ ವಾದಿಸಿದವರು ಅದನ್ನು ಉಲ್ಲೇಖಿಸಿದ್ದರು. ಅದನ್ನು ಜರ್ನಲ್ ಪ್ರಕಟಿಸಿರಲಿಲ್ಲ, ಹಾಗಾಗಿ ವಾಪಸ್ ಪಡೆದ ನೋಟಿಸ್ ಕೂಡ ಇಲ್ಲ. ಒಂದು ದಿನ ಆ ಪುಟ ಇರಲಿಲ್ಲ, ಅಷ್ಟೇ. ನನಗೆ ಜರ್ನಲ್‌ಗಳ ಮೇಲೆ ಎಷ್ಟು ಸಿಟ್ಟಿದ್ದರೂ, ತಪ್ಪಾಗಿದೆ ಎಂದು ಬರೆದಿಡುವ ಒಂದು ಜಾಗವಾದರೂ ಅಲ್ಲಿ ಇದೆ ಅನ್ನಿಸಿದ್ದು ಆಗ.

ವಾಪಸ್ ಆದ ಮೇಲೂ

ಲ್ಯಾನ್ಸೆಟ್‌ನ ಆ ಪುಟ ಈಗಲೂ ಇದೆ. ಹಿಂಪಡೆಯಲಾಗಿದೆ ಎಂಬ ಗುರುತು ಎದ್ದು ಕಾಣುತ್ತದೆ. ಕಾಣುತ್ತದೆ ಎಂದಮಾತ್ರಕ್ಕೆ ಎಲ್ಲರೂ ನೋಡುತ್ತಾರೆ ಅಂತಲ್ಲ. ಈ ಎರಡು ಪೇಪರ್‌ಗಳನ್ನು ಉಲ್ಲೇಖಿಸಿ 2020ರಲ್ಲಿ ಬಂದ 200 ಲೇಖನಗಳನ್ನು ಸೈನ್ಸ್ ಪತ್ರಿಕೆ ತೆಗೆದು ನೋಡಿತು. ಅರ್ಧಕ್ಕಿಂತ ಜಾಸ್ತಿ ಜನ ಅವನ್ನು ತಮ್ಮ ವಾದಕ್ಕೆ ಆಧಾರ ಮಾಡಿಕೊಂಡಿದ್ದರು, ವಾಪಸ್ ಆದ ಸುದ್ದಿಯನ್ನೇ ಹೇಳಿರಲಿಲ್ಲ. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಮುಖಪುಟ ಸುದ್ದಿಯಾದ ಪೇಪರ್‌ನ ಗತಿ ಇದು. ಸದ್ದಿಲ್ಲದೆ ವಾಪಸ್ ಆದ ನೂರಾರು ಪೇಪರ್‌ಗಳ ಕಥೆ ನೀವೇ ಊಹಿಸಿ. ಉಲ್ಲೇಖ ಪಟ್ಟಿಯನ್ನು ಇನ್ನೊಬ್ಬರ ಪೇಪರ್‌ನಿಂದ ಎತ್ತಿ ಅಂಟಿಸುವ ಅಭ್ಯಾಸ ಇರುವ ತನಕ ಅವು ಸಾಯುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದಕ್ಕೊಂದು ಕೆಲಸ ಕೊಡುತ್ತೇನೆ. ತಮ್ಮ ಸಿನಾಪ್ಸಿಸ್‌ನ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು, ಜೀವಂತ ಇವೆಯಾ ಎಂದು ನೋಡಿ ಬರಬೇಕು. ಗೊಣಗುತ್ತಾರೆ. ಮಾಡುತ್ತಾರೆ.

ಕಳೆದ ವರ್ಷ ಈ ಪಾಠ ಮುಗಿದ ಮೇಲೆ ಒಬ್ಬಳು ಹುಡುಗಿ ನಿಂತು ಕೇಳಿದಳು. “ಮೇಡಂ, ನಿಮ್ಮ ಪೇಪರ್‌ಗಳ ಡೇಟಾ ಎಲ್ಲ ನೀವು ನೋಡಿದ್ದೀರಾ?”

ಅವತ್ತು ಸಂಜೆ ಆ ಹಳೆಯ ಸಹೋದ್ಯೋಗಿಗೆ ಮೇಲ್ ಹಾಕಿದೆ. ಸಮೀಕ್ಷೆಯ ಶೀಟ್ ಇದ್ದರೆ ಕಳಿಸಿ ಅಂತ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಫೈಲ್ ಬಂತು, ಜೊತೆಗೆ ಒಂದೇ ಸಾಲು: “ಈಗ್ಯಾಕೆ ಮೇಡಂ ಇದು?” ಭಾನುವಾರ ಕೂತು ತೆರೆದೆ. 212 ಸಾಲು. ಒಂಬತ್ತನೇ ಕಾಲಂನ ತಲೆಬರಹ ನನಗೆ ಅರ್ಥವಾಗಲಿಲ್ಲ. ಫೋನ್ ಮಾಡಿದೆ. ಅವರಿಗೂ ನೆನಪಿರಲಿಲ್ಲ.